ಕುಂದಾ ಮುರಿದ ಬಂದೂಕು

ಹಿರೋಳ್ಳಿಯ ದೌಲತರಾಯನ ಮನೆಯಲ್ಲಿ ಒಂದು ಬಂದೂಕು ಇತ್ತು. ನಿಜಾಮರ ಕಾಲದ್ದು, ಬಾಯಿಯಿಂದ ಮದ್ದು ಸುರಿದು, ಸರಳಿನಿಂದ ಗಿಡಿದು ಹಾರಿಸುವಂಥದು. ದೌಲತರಾಯನ ಮುತ್ಯಾನ, ಅಂದರೆ ಅಜ್ಜನ, ಕೈಗೆ ಅದು ಹೇಗೆ ಬಂತು ಎನ್ನುವುದಕ್ಕೆ ಮನೆಯಲ್ಲಿ ನಾಲ್ಕಾರು ಕಥೆಗಳಿದ್ದವು. ಅದರಿಂದ ಮುತ್ಯಾ ಏನು ಮಾಡಿದ ಎನ್ನುವುದಕ್ಕೆ ಮಾತ್ರ ಒಂದೇ ಕಥೆ: ಹೊಲದ ಬಾವಿಯ ಹತ್ತಿರ ಒಂದು ಚಿರತೆಯನ್ನು ಹೊಡೆದಿದ್ದ. ಶಾರದಾಬಾಯಿ ಈ ಮನೆಗೆ ಸೊಸೆಯಾಗಿ ಬಂದಾಗ ಆ ಚಿರತೆ ನಾಯಿಗಿಂತ ಸ್ವಲ್ಪ ದೊಡ್ಡದಿತ್ತು. ಗಂಡನ ಬಾಯಲ್ಲಿ ವರ್ಷ ವರ್ಷ ಮೇಯ್ದು ಈಗ ಎತ್ತಿನಷ್ಟಾಗಿತ್ತು.

ದೌಲತರಾಯ ಬಂದೂಕು ಹಾರಿಸಿದವನಲ್ಲ. ಅವನ ಅಪ್ಪನೂ ಹಾರಿಸಿದವನಲ್ಲ. ಒಳಗಿನ ಕಬ್ಬಿಣ ಯಾವ ಕಾಲದಲ್ಲೋ ತುಕ್ಕು ಹಿಡಿದು, ಮದ್ದಿಗೆ ಬಡಿಯುವ ಘೋಡಾ ಎಳೆದರೆ ಹಿಂದೆ ಬರುತ್ತಿತ್ತೇ ಹೊರತು ಮುಂದೆ ಹೋಗಲು ಒಲ್ಲೆನ್ನುತ್ತಿತ್ತು. ಆದರೆ ಲೈಸೆನ್ಸು ಇತ್ತು. ಪಡಸಾಲೆಯ ಗೋಡೆಯಲ್ಲಿ ಅದಕ್ಕೆಂದೇ ಎರಡು ಗೂಟ ಇದ್ದವು. ಮಹಾನವಮಿಯ ದಿನ ಖಂಡೆಪೂಜೆ ಮಾಡಿ, ಮುಡಿಯಿಂದ ಅಡಿಯವರೆಗೆ ಶೇಂಗಾ ಎಣ್ಣೆ ಸವರುವ ಪದ್ಧತಿ ಇತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಆಳಂದದ ಠಾಣೆಗೆ ಒಪ್ಪಿಸಬೇಕಲ್ಲ, ಉಳಿದವರಿಗೆ ಅದೊಂದು ತ್ರಾಸು. ದೌಲತರಾಯನಿಗೆ ಮಾತ್ರ ಹಬ್ಬ. ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಬಂದೂಕನ್ನು ಹೆಗಲಿಗೇರಿಸಿ, ಬಸ್‌ಸ್ಟ್ಯಾಂಡಿಗೆ ಹತ್ತಿರದ ದಾರಿ ಬಿಟ್ಟು ಊರು ಸುತ್ತುವ ದಾರಿ ಹಿಡಿಯುತ್ತಿದ್ದ.

ಆ ಬೇಸಿಗೆಯಲ್ಲಿ ಚುನಾವಣೆ ಸಾರಿದಾಗ ಅವನು ಊರಲ್ಲಿರಲಿಲ್ಲ. ಅಫಜಲಪುರದ ಕಡೆ ಗೊಬ್ಬೂರಿನಲ್ಲಿ ಮಗಳು ಭಾಗ್ಯಜ್ಯೋತಿಯ ಹೊಸ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದರು. ತಾನು ನಿಂತು ಬುದ್ಧಿ ಹೇಳದಿದ್ದರೆ ಗೌಂಡಿಗಳಿಗೆ ಕೆಲಸ ತಿಳಿಯುವುದಿಲ್ಲವೆಂದು ಮಗ-ಸೊಸೆಯನ್ನೂ ಕಟ್ಟಿಕೊಂಡು ಹೋಗಿದ್ದ. ಅಲ್ಲಿಂದ ಫೋನು ಬಂತು.

“ಶಾರದಾ, ಠಾಣೇದವರು ಫೋನ್ ಮಾಡಿದ್ರು. ಸೋಮವಾರ ಬಂದೂಕು ಒಪ್ಪಿಸಬೇಕಂತ. ನಾ ರವಿವಾರ ಸಂಜೀಕ ಬರ್ತೇನಿ. ಅದನ್ನ ಒರಸಿ ಇಡು.”

“ಆಗಲಿ ಬಿಡ್ರಿ.”

“ಮೆತ್ತಗ ಒರಸು ಮತ್ತ. ಕೊಡಾ ತಿಕ್ಕಿದಂಗ ತಿಕ್ಕಬ್ಯಾಡ.”

ಶಾರದಾಬಾಯಿ ಎರಡು ಹೆತ್ತಾಗಲೂ ಇಷ್ಟು ಮೆತ್ತಗಿನ ಮಾತು ಅವನ ಬಾಯಿಂದ ಬಂದಿರಲಿಲ್ಲ. ಆದರೂ ಹೇಳಿದ ಕೆಲಸ ಬಿಡುವ ಹೆಂಗಸಲ್ಲ ಅವಳು. ಮಾಳಿಗೆಯ ಮೇಲೆ ಸಂಡಿಗೆ ಒಣ ಹಾಕಿದ್ದಳು, ಕಾಯಬೇಕಿತ್ತು; ಎರಡೂ ಕೆಲಸ ಒಟ್ಟಿಗೆ ಆಗಲೆಂದು ಬಂದೂಕನ್ನೂ ಹಳೆಯ ಸೀರೆಯ ಚೂರನ್ನೂ ಮೇಲಕ್ಕೆ ಒಯ್ದಳು.

ನಳಿಗೆ ಒರೆಸಿ ತಲೆ ಎತ್ತುವಷ್ಟರಲ್ಲಿ ಒಂದು ಮಂಗ ಸಂಡಿಗೆಯ ನಡುವೆ ಪಂಕ್ತಿಗೆ ಕೂತಂತೆ ಕೂತಿತ್ತು. ಕರೀ ಮುಸುಡಿ, ಉದ್ದ ಬಾಲ. ಹುಷ್ ಎಂದಳು. ಅದು ಇನ್ನೊಂದು ಸಂಡಿಗೆ ಬಾಯಿಗಿಟ್ಟಿತು. ಬಡಿಗೆ ಕೆಳಗೇ ಉಳಿದಿತ್ತು. ಅವಳಿಗೂ ಏನು ಹುಕ್ಕಿ ಬಂತೋ, ಬಂದೂಕನ್ನು ಹೆಗಲಿಗಾನಿಸಿ ಮಂಗನ ಎದೆಗೆ ಗುರಿಯಿಟ್ಟಳು.

“ಏ ಮಂಗ್ಯಾ, ಹೊಡೀಲೇನು? ಓಡಲೇ!”

ಚಿರತೆಯ ಕಥೆ ಮಂಗನಿಗೆ ಯಾರೂ ಹೇಳಿರಲಿಲ್ಲ. ಅದು ಎದ್ದು ಹತ್ತಿರ ಬಂತು, ನಳಿಗೆಯ ಬಾಯಲ್ಲಿ ಒಂದು ಕಣ್ಣಿಟ್ಟು ನೋಡಿತು, ಆಮೇಲೆ ಎರಡೂ ಕೈಯಿಂದ ಅದನ್ನು ಹಿಡಿದು ಎಳೆಯಿತು. ಶಾರದಾಬಾಯಿಯೂ ಎಳೆದಳು. ಬಾವಿಯಿಂದ ನೀರು ಸೇದಿದ ಕೈಗಳು ಅವು, ಬಿಡಲಿಲ್ಲ. ಮಂಗನೂ ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ಹಲ್ಲು ಕಚ್ಚಿಕೊಂಡು ಜಗ್ಗಾಡಿದರು. ಎಲ್ಲಿ ಬಿಡಬೇಕೆಂಬುದು ಮನುಷ್ಯರಿಗಿಂತ ಮಂಗಗಳಿಗೆ ಚೆನ್ನಾಗಿ ಗೊತ್ತು. ಅದು ತಟ್ಟನೆ ಕೈ ಬಿಟ್ಟಿತು. ಶಾರದಾಬಾಯಿ ಹಿಂದಕ್ಕೆ ಸರಿದು ಸಂಡಿಗೆಯ ಮೇಲೆ ಕುಕ್ಕರಿಸಿದಳು. ಬಂದೂಕು ಅವಳ ತಲೆಯ ಮೇಲಿಂದ ಹಾರಿ, ಕಲ್ಲಿನ ಮೆಟ್ಟಿಲುಗಳ ಮೇಲೆ ಧಡಧಡನೆ ಉರುಳಿ ಅಂಗಳಕ್ಕೆ ಬಿತ್ತು.

ಸೊಂಟ ಹಿಡಿದುಕೊಂಡು ಇಳಿದು ನೋಡಿದರೆ, ಹಿಡಿಯುವ ಕಡೆ ಸಣ್ಣಗೆ ಕುತ್ತಿಗೆಯಂತೆ ಇರುತ್ತದಲ್ಲ, ಅಲ್ಲಿಗೆ ಕಟ್ಟಿಗೆ ಲಟಕ್ಕನೆ ಮುರಿದಿತ್ತು. ಹೆಗಲಿಗಾನಿಸುವ ಹಿಂಭಾಗ ಒಂದು ಕಡೆ, ನಳಿಗೆ ಇನ್ನೊಂದು ಕಡೆ.

“ಬಸವಣ್ಣಾ, ಕಾಪಾಡಪ್ಪಾ” ಎಂದಳು. ಸೊಂಟದ ಮಾತಲ್ಲ ಅದು.

ಹಿರೋಳ್ಳಿಯ ಬಡಿಗೇರನನ್ನು ಕರೆಸಿದರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ. ಹಾಗೆಂದು ಪಕ್ಕದ ಊರು ಮಟಕಿಯ ಬಡಿಗೇರ ಚಂದಪ್ಪನಿಗೆ ಫೋನು ಮಾಡಿದಳು. ಬಾಗಿಲ ಚೌಕಟ್ಟು, ತೊಟ್ಟಿಲು ಮಾಡುವುದರಲ್ಲಿ ಹೆಸರು ಮಾಡಿದವನು. “ತೊಟ್ಟಿಲದ ಕೆಲಸ ಅದ” ಎಂದಷ್ಟೇ ಹೇಳಿದ್ದರಿಂದ ಹರುಷದಲ್ಲಿ ಬಂದ. ಪಡಸಾಲೆಯಲ್ಲಿ ಸೀರೆಯ ಚೂರು ಸರಿಸಿ ತೋರಿಸಿದ್ದೇ ತಡ, ಹೊಸ್ತಿಲಾಚೆ ಜಿಗಿದು ನಿಂತ.

“ಅವ್ವಾರ, ಮೊದಲ ಅದರ ಬಾಯಿ ಆ ಕಡಿ ತಿರುವ್ರಿ!”

“ಅದರಾಗ ಮದ್ದಿಲ್ಲೋ ಚಂದಪ್ಪ. ನನ್ನ ಮದುವಿಗಿಂತ ಮೊದಲಿಂದ ಇಲ್ಲ.”

“ಮದ್ದಿಲ್ಲದ ಬಂದೂಕೇ ಹೊಡೀತಾವಂತ್ರಿ. ಮತ್ತ ಇದು ಪೊಲೀಸ್ ಕೆಲಸ. ನಾ ಕಬ್ಬಿಣ ಮುಟ್ಟಂಗಿಲ್ಲ.”

“ಕಬ್ಬಿಣ ಮುಟ್ಟಬ್ಯಾಡ. ಕಟ್ಟಿಗಿ ಅಷ್ಟೇ ಮುಟ್ಟು.”

ಮಾತು ಅಲ್ಲಿಗೆ ಬಗೆಹರಿಯಿತು. ಚಂದಪ್ಪ ಅಂಗಳದಲ್ಲಿ ನಿಂತು ಹೇಳಿದ, ಶಾರದಾಬಾಯಿ ಪಡಸಾಲೆಯಲ್ಲಿ ಕೂತು ಮಾಡಿದಳು. ಈಳಿಗೆಯ ತುದಿಯಿಂದ ಸ್ಕ್ರೂ ತಿರುವಿದಳು, ಅಡ್ಡ ಮೊಳೆ ತಟ್ಟಿದಳು. ಹೊರಗೆ ಬರುವುದೇ ಇಲ್ಲವೆನಿಸಿದ್ದ ನಳಿಗೆ ಅವರೆಕಾಯಿ ಸುಲಿದಂತೆ ಬಿಚ್ಚಿಕೊಂಡು ಬಂತು. ಅದನ್ನು ಟವೆಲಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬರೀ ಕಟ್ಟಿಗೆ ಉಳಿದ ಮೇಲೆ ಚಂದಪ್ಪ ಒಳಗೆ ಬಂದ.

“ಇದಕ್ಕ ಕುಂದಾ ಅಂತಾರ್ರಿ. ಬೀಟಿ ಕಟ್ಟಿಗಿ ಅದ. ಗೋಂದು ಹಾಕಿ ಬಿಗದ ಕಟ್ಟಿದ್ರ ಮುಂಜಾನೆ ಅನ್ನೂದ್ರಾಗ ಗಟ್ಟಿ.”

ಬಿಳಿ ಗೋಂದು ಸುರಿದು, ನುಲಿಯ ಹಗ್ಗ ಸುತ್ತಿ ಹೋದ. ಬೆಳಿಗ್ಗೆ ಬಂದು ಹಗ್ಗ ಬಿಚ್ಚಿದರೆ ಎರಡು ತುಂಡೂ ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಬೇರೆ ಬೇರೆ ಬಿದ್ದವು. ಗೋಂದು ಹಾಲಿನ ಕೆನೆಯಂತೆ ಸುಲಿದು ಬಂತು. ಮತ್ತೆ ಹಾಕಿದ. ಮತ್ತೆ ಬಿತ್ತು. ಚಂದಪ್ಪ ತಲೆ ಕೆರೆದುಕೊಂಡ.

“ಅವ್ವಾರ, ಸಿಟ್ಟಾಗಬ್ಯಾಡ್ರಿ. ಆ ಚಿರತಿ ಜೀವ ಇದರಾಗ ಸೇರಿರಬೇಕು.”

“ಚಿರತಿ ಅಲ್ಲೋ, ನಿನ್ನ ಗೋಂದು ಖೊಟ್ಟಿ.”

“ಇದೇ ಗೋಂದಿಲೇ ಇಡೀ ತಾಲೂಕಿನ ತೊಟ್ಟಿಲಾ ಮಾಡೀನ್ರಿ! ಇದುವರೆಗೂ ಒಂದು ಕೂಸೂ ಕೆಳಗ ಬಿದ್ದಿಲ್ಲ!”

ಅವನು ಹೋದ ಮೇಲೆ ಶಾರದಾಬಾಯಿ ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುರಿದ ಬಾಯಿಯ ಮೇಲೆ ಬೆರಳಾಡಿಸಿದಳು. ಬೆರಳು ಜಾರಿತು. ಮೂಸಿ ನೋಡಿದಳು. ಮಿರ್ಚಿ ಭಜಿ ಕರಿದ ಬಾಣಲೆಯ ವಾಸನೆ! ಎಷ್ಟು ಮಹಾನವಮಿಗಳ ಎಣ್ಣೆ ಕುಡಿದಿತ್ತೋ ಆ ಕಟ್ಟಿಗೆ, ಒಳಗಿನವರೆಗೂ ಜಿಡ್ಡು. ಎಣ್ಣೆಗೈಯಲ್ಲಿ ಹಚ್ಚಿದ ಕುಂಕುಮವೇ ನಿಲ್ಲುವುದಿಲ್ಲ, ಇನ್ನು ಗೋಂದು ಹೇಗೆ ನಿಂತೀತು?

ರೇಷ್ಮೆ ಸೀರೆಯ ಮೇಲೆ ಎಣ್ಣೆ ಚೆಲ್ಲಿದರೆ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು. ಕುಳ್ಳಿನ ಬೂದಿಯನ್ನು ಮೂರು ಸಲ ಜರಡಿ ಹಿಡಿದಳು. ಮಾಳಿಗೆಯ ಮೇಲೆ ತಗಡು ಹಾಸಿ, ಬೂದಿ ಹರಡಿ, ಎರಡೂ ತುಂಡುಗಳನ್ನು ಅದರಲ್ಲಿ ಹುಗಿದಳು. ಆ ಊರಿನ ಏಪ್ರಿಲ್ ಬಿಸಿಲಿಗೆ ಕಲ್ಲೇ ಬೆವರುತ್ತದೆ. ಮಧ್ಯಾಹ್ನದೊಳಗೆ ಕಟ್ಟಿಗೆಯೂ ಬೆವರಿತು. ಬೂದಿ ಕಪ್ಪಗೆ ಒದ್ದೆಯಾಯಿತು. ಅದನ್ನು ಚೆಲ್ಲಿ ಹೊಸದು ಹಾಕಿದಳು. ಅದೂ ಕಪ್ಪಾಯಿತು. ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಕೈಯಲ್ಲಿ ಈ ಸಲ ಬಡಿಗೆ ಹಿಡಿದುಕೊಂಡು ಅಲ್ಲೇ ಕೂತಳು. ಕಟ್ಟಿಗೆ ಉಗುಳಿದಷ್ಟೂ ಅವಳಿಗೆ ಒಂದು ನಮೂನೆಯ ಹುರುಪು ಬಂತು. ಗಂಡ ವರ್ಷ ವರ್ಷ ತಿಕ್ಕಿ ತಿಕ್ಕಿ ಕುಡಿಸಿದ್ದನ್ನು ತಾನು ಕಕ್ಕಿಸುತ್ತಿದ್ದೇನೆ ಎಂಬ ಸಮಾಧಾನವೂ ಅದರಲ್ಲಿ ಸ್ವಲ್ಪ ಇತ್ತು.

ಕೆಳಗೆ ಅಂಗಳಕ್ಕೆ ಬಂದ ಚಂದಪ್ಪ ಕೂಗಿದ: “ಅವ್ವಾರ, ಕುಂದಾ ಹ್ಯಾಂಗದರಿ?”

“ಬಿಸಲಿಗಿ ಇಟ್ಟೀನಿ. ಭಾಳ ಎಣ್ಣಿ ಬಿಡಾಕತ್ತದ!”

ಪಕ್ಕದ ಮಾಳಿಗೆಯಿಂದ ಗಂಗುಬಾಯಿಯ ತಲೆ ಎದ್ದಿತು. ಮೆಣಸಿನಕಾಯಿ ಹರಡುತ್ತಿದ್ದಳು. “ಯವ್ವಾ ಶಾರದಕ್ಕ, ಕುಂದಾ ಬಿಸಲಿಗಿ ಇಡ್ತಾರೇನ? ಕೆಟ್ಟು ಹೋಗ್ತದಲ್ಲ! ಎಣ್ಣಿ ಬಿಟ್ಟದಂದ್ರ ಖೋವಾ ಹಳಸಿರಬೇಕು.”

ಬೆಳಗಾವಿಯ ಸಿಹಿ ಕುಂದಾ ಅವಳ ತಲೆಯಲ್ಲಿ. ಶಾರದಾಬಾಯಿಗೆ ಬೇರೆ ದಾರಿ ಹೊಳೆಯಲಿಲ್ಲ.

“ಹೌದ ನೋಡ ಗಂಗಕ್ಕ, ಇದು ಕೆಟ್ಟಂಗಾತು. ಇನ್ನೊಮ್ಮಿ ಮಾಡ್ತೇನಿ, ನಿನಗೂ ಕಳಸ್ತೇನಿ.”

“ಬಡಿಗೇರಗೂ ಕುಂದಾದ ಚಿಂತಿ ಹತ್ತಿದಂಗದ?” ಗಂಗುಬಾಯಿ ಬಗ್ಗಿ ನೋಡಿದಳು.

ಚಂದಪ್ಪ ಕೆಳಗಿನಿಂದಲೇ ಹೇಳಿದ: “ನಂಗ ಭಾಳ ಸೇರ್ತದ್ರಿ!”

ಹೀಗಾಗಿ ಆ ಸಂಜೆ ಎಮ್ಮೆಯ ಹಾಲೆಲ್ಲ ಒಲೆಯ ಮೇಲೆ ಏರಿತು. ಒಂದು ಕುಂದಾ ರಿಪೇರಿ ಮಾಡಲು ಹೋಗಿ ಇನ್ನೊಂದು ಕುಂದಾ ತಿರುವುತ್ತ ಶಾರದಾಬಾಯಿ ಮಂಗನ ಕುಲವನ್ನೆಲ್ಲ ಬೈದಳು. ಗಂಗುಬಾಯಿಗೆ ಒಂದು ಬಟ್ಟಲು, ಚಂದಪ್ಪನಿಗೆ ಎರಡು. ನಡುವೆ ಗೊಬ್ಬೂರಿನಿಂದ ಫೋನು.

“ಬಂದೂಕು ಹ್ಯಾಂಗದ?”

“ಅರಾಮ ಅದರಿ.”

“ಎಣ್ಣಿ ಹಚ್ಚಿದಿ?”

“ಎಣ್ಣಿ ಕೆಲಸಾನೇ ನಡದದ ನೋಡ್ರಿ.”

ಬೂದಿ ಬೂದಿಯಾಗಿಯೇ ಉಳಿಯತೊಡಗಿದಾಗ ಕಟ್ಟಿಗೆ ಒಣಗಿದ ಎಲುಬಿನಂತೆ ಆಗಿತ್ತು. ಚಂದಪ್ಪ ಎರಡೂ ತುಂಡುಗಳ ಒಳಗೆ ಉದ್ದಕ್ಕೆ ತೂತು ಕೊರೆದ. ಹುಣಸೆಯ ಕಟ್ಟಿಗೆಯ ಗೂಟ ಕೆತ್ತಿದ. ದಪ್ಪಾಯಿತು, ಹೆರೆದ, ಸಡಿಲಾಯಿತು, ಬೈದುಕೊಂಡು ಇನ್ನೊಂದು ಕೆತ್ತಿದ. ಗೋಂದು ಹಚ್ಚಿ, ಗೂಟ ಸೇರಿಸಿ, ಮುರಿದ ಬಾಯಿಗೆ ಬಾಯಿ ಕೂಡಿಸಿದರು. ಹಗ್ಗ ಬೇಡವೆಂದು ಶಾರದಾಬಾಯಿ ಹಳೆಯ ಸೈಕಲ್ಲಿನ ಟ್ಯೂಬು ಸೀಳಿ ತಂದಳು. ಅವನು ಹಿಡಿದ, ಅವಳು ಜಗ್ಗಿ ಜಗ್ಗಿ ಸುತ್ತಿದಳು. ಸಂದಿಯಿಂದ ಗೋಂದು ಮುತ್ತಿನಂತೆ ಹೊರಬಂತು.

“ಈಗ ಹಿಡೀತು ನೋಡ್ರಿ ಅವ್ವಾರ. ಸೋಮವಾರ ಮುಂಜಾನಿತನಕ ಬಿಚ್ಚಬ್ಯಾಡ್ರಿ.”

ರವಿವಾರ ಸಂಜೆ ದೌಲತರಾಯ ಬಂದ. ಚಪ್ಪಲಿ ಬಿಡುವ ಮೊದಲೇ ಗೋಡೆ ನೋಡಿದ. ಎರಡು ಗೂಟ, ನಡುವೆ ಒಂದು ಹಲ್ಲಿ.

“ಎಲ್ಲದ?”

“ಮಡಿ ಅರಿವ್ಯಾಗ ಸುತ್ತಿ ದೇವರ ಕೋಣ್ಯಾಗ ಇಟ್ಟೀನಿ. ಇವತ್ತ ಅಮವಾಸಿ. ಆಯುಧ ಬಿಚ್ಚಬಾರದಂತ.”

“ಯಾರಂದ್ರು?”

“ಹಿರ್ಯಾರು.”

ಹಿರಿಯರು ಎಂದ ಮೇಲೆ ದೌಲತರಾಯನಿಗೆ ಎದುರು ಮಾತಿರಲಿಲ್ಲ. ಅವನ ಅರ್ಧ ಮಾತುಗಳು ಹಾಗೇ ಶುರುವಾಗುತ್ತಿದ್ದವು. ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಶಾರದಾಬಾಯಿ ಟ್ಯೂಬು ಬಿಚ್ಚಿದಳು. ಕುತ್ತಿಗೆ ಗಟ್ಟಿಯಾಗಿ ನಿಂತಿತ್ತು. ಒಂದು ಕೂದಲೆಳೆಯ ಗೆರೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಟ್ರಂಕಿನಿಂದ ನಳಿಗೆ ತೆಗೆದು ಕೂಡಿಸಿ, ಸ್ಕ್ರೂ ತಿರುವಿ, ಮೊಳೆ ತಟ್ಟಿದಳು. ಗಂಡ ರುಮಾಲು ಸುತ್ತುವಾಗ ಅವಳೂ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ನೀ ಎಲ್ಲಿಗಿ?”

“ನಾನೂ ಆಳಂದಕ ಬರ್ತೇನಿ. ಸಂತಿ ಮಾಡೂದದ.”

ಸಂತೆಯ ಮಾತು ಸುಳ್ಳು. ಅವಳಿಗೆ ಕುತ್ತಿಗೆಯ ಚಿಂತೆ. ಟಂಟಂ ಆಟೋದಲ್ಲಿ ದೌಲತರಾಯ ಬಂದೂಕನ್ನು ಕುತ್ತಿಗೆಗೇ ಹಿಡಿದು ನೆಟ್ಟಗೆ ನಿಲ್ಲಿಸಿದ್ದ. ಗುಂಡಿ ಬಂದಾಗಲೆಲ್ಲ ಅವಳ ಜೀವ ಬಾಯಿಗೆ ಬಂತು. ಕೊನೆಗೆ ಕಸಿದುಕೊಂಡು, ಬಾಣಂತಿಯ ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಳು. ಗಂಡ ಬೆರಗಾಗಿ ನೋಡಿದ. ಇಷ್ಟು ವರ್ಷಕ್ಕೆ ಹೆಂಡತಿಗೆ ಬಂದೂಕಿನ ಬೆಲೆ ತಿಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ.

ಠಾಣೆಯಲ್ಲಿ ಬಂದೂಕು ಹಿಡಿದವರ ಸಾಲೇ ಇತ್ತು. ಎಲ್ಲ ಸುತ್ತಲಿನ ಹಳ್ಳಿಗಳ ಗೌಡರು, ಕುಲಕರ್ಣಿಗಳು. ಹವಾಲ್ದಾರ ಕಲ್ಯಾಣಕುಮಾರ ಒಂದೊಂದನ್ನೇ ತಿರುಗಿಸಿ ನೋಡಿ ನಂಬರು ಬರೆದುಕೊಳ್ಳುತ್ತಿದ್ದ. ದೌಲತರಾಯನ ಸರದಿ ಬಂತು. ಹವಾಲ್ದಾರ ಕುತ್ತಿಗೆಯ ಮೇಲೆ ಹೆಬ್ಬೆರಳು ಎಳೆದ, ನಿಂತ, ಇನ್ನೊಮ್ಮೆ ಎಳೆದ.

“ಗೌಡ್ರ, ಇದು ಮುರಿದಿತ್ತೇನ್ರಿ?”

ದೌಲತರಾಯ ಬಗ್ಗಿ ನೋಡಿದ. ಹುಟ್ಟಿದಾಗಿನಿಂದ ನೋಡಿದ ಬಂದೂಕು. ಇಲ್ಲದ ಗೆರೆ ಇದೆ. ಶಾರದಾಬಾಯಿ ಸೆರಗು ಬಾಯಿಗಿಟ್ಟುಕೊಂಡಳು. ಆದರೆ ಸಾಲಿನಲ್ಲಿದ್ದವರೆಲ್ಲ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಅಷ್ಟು ಮಂದಿಯ ಮುಂದೆ ತನ್ನ ಬಂದೂಕಿನ ಬಗ್ಗೆ ತನಗೆ ಗೊತ್ತಿಲ್ಲವೆನ್ನುವುದು ಅವನಿಂದ ಆಗುವ ಮಾತಲ್ಲ.

“ಮುರಿದಿತ್ತು,” ಎಂದ, ರುಮಾಲು ಸರಿ ಮಾಡಿಕೊಂಡು. “ನಮ್ಮ ಮುತ್ಯಾನ ಕಾಲಕ್ಕ. ಚಿರತಿ ಹಾರಿ ಬಂತು ನೋಡ್ರಿ, ಇಲ್ಲೇ ಬಾಯಿ ಹಾಕಿ ಕಚಕ್ಕನ ಕಡೀತು. ಮುತ್ಯಾ ಬರೀ ನಳಿಗಿಲೇ ಬಡದು ಅದನ್ನ ಕೆಡವಿದ!”

“ಅಬಬಬ!” ಎಂದಿತು ಸಾಲು.

“ಮತ್ತ ರಿಪೇರಿ ಯಾರ ಮಾಡಿದ್ರು?”

“ಮುತ್ಯಾನೇ. ಸ್ವಂತ ಕೈಲೇ.”

ಹವಾಲ್ದಾರ ಬಂದೂಕನ್ನು ಬೆಳಕಿಗೆ ಹಿಡಿದ. “ನೋಡ್ರಪ್ಪಾ, ಹ್ಯಾಂಗ ಕೂಡಿಸ್ಯಾರ! ಉಗುರು ಸೈತ ಹೋಗೂದಿಲ್ಲ. ಆಗಿನ ಮಂದಿ ಕೈಯೇ ಬ್ಯಾರೆ. ಈಗಿನವರಿಗಿ ಇಂಥಾದ್ದು ಬರ್ತದೇನು?”

“ಎಲ್ಲಿ ಬರ್ತದರಿ,” ಎಂದ ದೌಲತರಾಯ, ತಲೆ ಆಡಿಸಿ. “ಆ ಮಂದೀನೇ ಹೋತು.”

ಶಾರದಾಬಾಯಿಗೆ ಮೊದಲು ಜೀವ ಬಂದಂತಾಗಿತ್ತು. ಪಾರಾದೆ ಎಂದುಕೊಂಡಿದ್ದಳು. ಆದರೆ ‘ಈಗಿನವರಿಗೆ ಬರ್ತದೇನು’ ಎಂಬ ಮಾತು ಎಲ್ಲೋ ಚುಚ್ಚಿತು. ನೆತ್ತಿ ಸುಡುವ ಬಿಸಿಲಲ್ಲಿ ಕೂತವಳು ತಾನು. ಬೂದಿ ಜರಡಿ ಹಿಡಿದು ಮೂಗು ಕಟ್ಟಿದವಳು ತಾನು. ಎಂದೋ ಸತ್ತ ಮುತ್ಯಾ, ಬದುಕಿದ್ದಾಗ ಒಂದು ಮೊಳೆ ಹೊಡೆದವನಲ್ಲವೆಂದು ಅತ್ತೆಯೇ ಹೇಳುತ್ತಿದ್ದ ಮುತ್ಯಾ, ಬಂದು ಹೊಗಳಿಕೆ ಹೊತ್ತುಕೊಂಡು ಹೋಗುವುದೆಂದರೆ? ಗಂಡ ಎರಡನೆಯ ಸಲ “ಆ ಮಂದೀನೇ ಹೋತು” ಎಂದಾಗ ಅವಳಿಗೆ ತಡೆಯಲಾಗಲಿಲ್ಲ.

“ಎಲ್ಲಿಗೂ ಹೋಗಿಲ್ಲ! ಇಲ್ಲೇ ನಿಂತೀನಿ!”

ಎಲ್ಲರೂ ತಿರುಗಿದರು.

“ಚಿರತಿನೂ ಇಲ್ಲ ಗಿರತಿನೂ ಇಲ್ಲ. ಮುರದಿದ್ದು ಮಂಗ್ಯಾ, ಹೋದ ವಾರ, ನಾ ಹೆದರಸಾಕ ಬಂದೂಕು ತೋರಸಿದಾಗ. ಕೂಡಿಸಿದ್ದು ನಾನು. ನಾನು ಮತ್ತ ಮಟಕಿ ಚಂದಪ್ಪ.”

ಹವಾಲ್ದಾರ ಬಂದೂಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಆಮೇಲೆ ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಅದು ಮುಂದೆ ಮುಂದೆ ಬಂದು ಹವಾಲ್ದಾರನ ಮೇಜಿಗೆ ಮುಟ್ಟುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗುವ ನಗೆಯಾಗಿತ್ತು. ಕಲ್ಯಾಣಕುಮಾರ ಮೀಸೆಯಲ್ಲೇ ನಗು ನುಂಗಿ, ಗಟ್ಟಿ ದನಿ ತೆಗೆದ.

“ಅವ್ವಾರ, ಲೈಸೆನ್ಸ್ ಗೌಡ್ರ ಹೆಸರಿಲೇ ಅದ. ನೀವು ಮಂಗ್ಯಾಗ ಬಂದೂಕು ತೋರಸೂದು ತಪ್ಪಾಗ್ತದ. ಇನ್ನೊಮ್ಮಿ ಮುಟ್ಟಬ್ಯಾಡ್ರಿ.”

“ಇಲ್ರಿ. ಬಡಿಗೀನೇ ಚಲೋ.”

“ಅದಿರಲಿ, ವರ್ಷಾ ಖಂಡೆಪೂಜಿ ಎಣ್ಣಿ ಕುಡದ ಕಟ್ಟಿಗಿಗಿ ಗೋಂದು ಹ್ಯಾಂಗ ಹಿಡೀತು? ನಮ್ಮನಿ ರೊಟ್ಟಿ ಹಿಟ್ಟು ನಾದೂ ಕಟ್ಟಿಗಿ ಕೊಣಮಗಿ ಸೀಳಿ ಎಷ್ಟ ದಿನಾ ಆತು, ಏನ್ ಹಚ್ಚಿದ್ರೂ ನಿಲ್ಲವಲ್ದು.”

ಅಲ್ಲಿಂದ ಮುಂದೆ ಮಾತೆಲ್ಲ ಶಾರದಾಬಾಯಿಯದೇ. ಬೂದಿ ಯಾವುದು, ಬಿಸಿಲೆಷ್ಟು, ಟ್ಯೂಬು ಯಾಕೆ, ಎಲ್ಲ ವಿವರಿಸಿದಳು. ಗೌಡರು, ಕುಲಕರ್ಣಿಗಳು ತಮ್ಮ ತಮ್ಮ ಬಂದೂಕಿನ ಕುಂದಾ ಮೂಸಿ ನೋಡಿಕೊಂಡರು. ದೌಲತರಾಯ ರಸೀತಿ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಒಬ್ಬನೇ ನಿಂತಿದ್ದ. ರುಮಾಲು ಒಂದು ಕಡೆ ವಾಲಿತ್ತು.

ಮರಳುವಾಗ ಟಂಟಂನಲ್ಲಿ ಅವನು ಮುಖ ಹೊರಗೆ ಮಾಡಿ ಕೂತ. ಶಾರದಾಬಾಯಿ ಶೇಂಗಾ ಕೊಟ್ಟಳು, ತೆಗೆದುಕೊಳ್ಳಲಿಲ್ಲ. ನೀರು ಕೊಟ್ಟಳು, ಒಲ್ಲೆನೆಂದು ತಲೆಯಾಡಿಸಿದ. ಅವಳಿಗೂ ಒಳಗೆ ಅಳುಕು ಶುರುವಾಯಿತು. ಅಷ್ಟು ಮಂದಿಯ ಮುಂದೆ ಮಾತಾಡಬಾರದಿತ್ತೇನೋ. ಆದರೆ ಸುಮ್ಮನಿದ್ದರೆ ತಾನು ಎದೆಯೊಡೆದು ಸಾಯುತ್ತಿದ್ದೆನೆಂದೂ ಅನಿಸಿತು. ಊರು ಹತ್ತಿರ ಬಂದಾಗ ದೌಲತರಾಯ ರಸ್ತೆಯ ಕಡೆ ನೋಡುತ್ತಲೇ ಕೇಳಿದ.

“ಮಂಗ್ಯಾ ದೊಡ್ಡದಿತ್ತೇನು?”

ಶಾರದಾಬಾಯಿ ಅವನ ಮುಖ ನೋಡಿದಳು. ಏನು ಕೇಳುತ್ತಿದ್ದಾನೆಂದು ತಿಳಿಯಿತು.

“ಭಾಳ ದೊಡ್ಡದ್ರಿ. ನಿಮ್ಮಷ್ಟಿತ್ತು.”

ಅವನು ಒಂದು ಗಳಿಗೆ ಗಂಭೀರವಾಗಿ ಯೋಚಿಸಿದ. ಆಮೇಲೆ ಕೈ ಚಾಚಿ ಶೇಂಗಾ ಇಸಕೊಂಡ.

ಚುನಾವಣೆ ಮುಗಿದು ಬಂದೂಕು ಮನೆಗೆ ಬಂತು. ಆದರೆ ಆ ಸಾಲಿನಲ್ಲಿ ನಿಂತವರು ತಂತಮ್ಮ ಊರಿಗೆ ಹೋಗಿ ಸುಮ್ಮನಿದ್ದಾರೆಯೇ? ಒಂದು ದಿನ ಜೇವರ್ಗಿ ಕಡೆಯವನೊಬ್ಬ ಕೌದಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. ಬೆವರಿನಲ್ಲಿ ತೊಯ್ದಿದ್ದ.

“ಬಂದೂಕು ಜೋಡಸೂ ಗೌಡ್ತಿ ಮನಿ ಇದೇ ಏನ್ರಿ? ಕಬ್ಬಿಣ ಮನ್ಯಾಗ ಇಟ್ಟೀನ್ರಿ. ಕಟ್ಟಿಗಿ ಅಷ್ಟೇ ತಂದೀನಿ.”

ದೌಲತರಾಯ ಕಟ್ಟೆಯ ಮೇಲೆ ಕೂತಿದ್ದ. ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಶಾರದಾಬಾಯಿ ಒಳಗಿನಿಂದ ಕೇಳಿಸಿಕೊಳ್ಳುತ್ತ ಬಾಗಿಲ ಸಂದಿಗೆ ಬಂದಳು.

“ಇದೇ ಮನಿ. ಬರ್ರಿ, ಕುಂದರ್ರಿ,” ಎಂದ ಅವನು. ಆಮೇಲೆ ಒಳಗೆ ಮುಖ ಮಾಡಿ, “ಏ ಶಾರದಾ, ಗಿರಾಕಿ ಬಂದಾರ ನೋಡು!”

ಅವಳು ಹೊರಬಂದು ಕೌದಿ ಬಿಚ್ಚಿದಳು, ಮುರಿದ ಬಾಯಿಗೆ ಮೂಗಿಟ್ಟಳು, ಇದು ಎಳ್ಳೆಣ್ಣೆ, ಹೆಚ್ಚು ಹೊತ್ತು ಹಿಡಿಯುತ್ತದೆ ಎಂದಳು. ಚಂದಪ್ಪನಿಗೆ ಫೋನು ಹಚ್ಚಿದಳು. ಬೂದಿ ತರಲು ಹಿತ್ತಲಿಗೆ ಹೋದಳು. ಆ ದಿನ ಜೇವರ್ಗಿಯವನಿಗೆ ಚಹಾ ಮಾಡಿದವನು ದೌಲತರಾಯ. ಸಕ್ಕರೆ ಎಲ್ಲಿದೆ ಎಂದು ಎರಡು ಸಲ ಕೂಗಿ ಕೇಳಿದ. ಹಿತ್ತಲಿನಿಂದ ಉತ್ತರ ಬರುವಷ್ಟರಲ್ಲಿ ತನಗೆ ತಿಳಿದ ಡಬ್ಬಿಯಿಂದ ಹಾಕಿ ತಂದುಕೊಟ್ಟ. ಬಂದವನು ಒಂದು ಗುಟುಕು ಕುಡಿದು, ಗೌಡರ ಮುಖ ನೋಡಿ, ಉಪ್ಪಿನ ಮಾತೆತ್ತದೆ ಲೋಟ ಖಾಲಿ ಮಾಡಿದ.